ಸಂಬಳದ ಡ್ರೈವರ್ ಆಗೋದಾ, ಸಾಲ ಮಾಡಿ ಸ್ವಂತ ಲಾರಿ ತಗೊಳ್ಳೋದಾ?

ಹೆವಿ ಲೈಸೆನ್ಸ್ ಕೈಗೆ ಬಂದಿದೆ, ಮಾವನವರು ಮುಂಗಡಕ್ಕೆ ದುಡ್ಡು ಕೊಡ್ತೀನಿ ಅಂದಿದ್ದಾರೆ, ಉಳಿದದ್ದಕ್ಕೆ ಫೈನಾನ್ಸ್ ಮಾಡಿ ಹತ್ತು ಚಕ್ರದ ಗಾಡಿ ತಗೊಳ್ಳಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ನಾನು ಸಂಬಳಕ್ಕೂ ಓಡಿಸಿದವನು, ಈಗ ನನ್ನದೇ ಗಾಡಿ ಇದೆ.

ಓಡಿಸೋದು ಕೆಲವು ತಿಂಗಳಲ್ಲಿ ಕೈಗೆ ಹತ್ತುತ್ತೆ. ಕಷ್ಟ ಇರೋದು ಬಾಡಿಗೆಯಲ್ಲಿ. ಗಂಗಾವತಿಯಲ್ಲಿ ಅಕ್ಕಿ ತುಂಬಿ ಕೇರಳಕ್ಕೆ ಹೋದಿರಿ ಅನ್ನಿ. ವಾಪಸ್ ಏನು ತುಂಬ್ತೀರಿ? ಅಲ್ಲಿಂದ ಹೊರಗೆ ಬರೋ ಮಾಲು ಕಡಿಮೆ, ನಿಂತಿರೋ ಗಾಡಿ ಜಾಸ್ತಿ. ಪೆರುಂಬಾವೂರಿನ ಪ್ಲೈವುಡ್ ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ಲೋಡ್ ಕೊಡಿಸೋ ಬ್ರೋಕರ್ ಹೇಳಿದ್ದೇ ರೇಟು. ಕಾಯೋಣ ಅಂದರೆ ಕಂತಿನ ತಾರೀಕು ಹತ್ತಿರ ಬಂದಿರುತ್ತೆ.

ಇನ್ನು ಬ್ಯಾಲೆನ್ಸ್, ಅಂದರೆ ಮಾಲು ಇಳಿಸಿದ ಮೇಲೆ ಬರಬೇಕಾದ ಬಾಕಿ ಬಾಡಿಗೆ. ಲೋಡ್ ಆದಾಗ ಕೊಡೋ ಅಡ್ವಾನ್ಸ್ ಡೀಸೆಲ್‌ಗೆ, ಟೋಲಿಗೆ, ಹಮಾಲಿಗೆ ಮುಗಿಯುತ್ತೆ. ನಿಮಗೆ ಉಳಿಯೋದು ಬ್ಯಾಲೆನ್ಸ್ ಬಂದಾಗಲೇ. ಇಳಿಸೋ ಕಡೆ ಗುಮಾಸ್ತ ಎಲ್‌ಆರ್ (ಮಾಲಿನ ಜೊತೆ ಹೋಗೋ ಲಾರಿ ರಸೀದಿ) ಕಾಪಿ ಮೇಲೆ ‘ಎರಡು ಚೀಲ ನೆನೆದಿದೆ’ ಅಂತ ಗೀಚಿದರೆ ಅದೂ ಕಟ್. ಚೀಲ ಲಾರಿಗೆ ಏರಿಸೋ ಮೊದಲೇ ನೆನೆದಿತ್ತಾ, ದಾರೀಲಿ ನೆನೆಯಿತಾ ಅಂತ ಯಾರೂ ಕೇಳಲ್ಲ.

ಹಾಗಾಗಿ ಮೊದಲು ಸಂಬಳಕ್ಕೆ ಸೇರಿ, ಆದರೆ ದೊಡ್ಡ ಕಂಪನಿಗಲ್ಲ. ಅಲ್ಲಿ ಪಿಎಫ್, ಇಎಸ್‌ಐ ಇರುತ್ತೆ, ಕೊನೇತನಕ ಡ್ರೈವರ್ ಆಗಿರ್ತೀನಿ ಅನ್ನೋರಿಗೆ ಅದೇ ವಾಸಿ. ಆದರೆ ಲೋಡ್ ನೋಡೋದು ಆಫೀಸು, ಬಾಡಿಗೆ ಎಷ್ಟು ಅಂತಲೂ ನಿಮಗೆ ತಿಳಿಯಲ್ಲ. ಎರಡು ಮೂರು ಗಾಡಿ ಇಟ್ಟಿರೋ ಓನರ್ ಹತ್ತಿರ ಸೇರಿ. ಬತ್ತಾ (ದಾರಿ ಖರ್ಚಿನ ದುಡ್ಡು) ಕೊಡೋಕೆ ಗೊಣಗ್ತಾನೆ, ಕ್ಲೀನರ್ ಕೊಡಲ್ಲ. ಆದರೆ ಬ್ರೋಕರ್ ಜೊತೆ ಮಾತಾಡೋದು, ಸವೆದ ಟೈರಿಗೆ ಹೊಸ ರಬ್ಬರ್ ಹಾಕಿಸೋದು (ರೀಸೋಲ್), ಎಫ್‌ಸಿಗೆ (ಆರ್‌ಟಿಒ ಫಿಟ್‌ನೆಸ್ ಸರ್ಟಿಫಿಕೇಟ್) ಗಾಡಿ ರೆಡಿ ಮಾಡೋದು ಎಲ್ಲ ನಿಮ್ಮ ತಲೆಗೇ ಬರುತ್ತೆ. ಟ್ರಿಪ್ ಲೆಕ್ಕ ಒಪ್ಪಿಸೋವಾಗ ಫೋನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮಳೆಗಾಲವೂ ಸೇರಿ ಒಂದು ವರ್ಷದ ಲೆಕ್ಕ ಕೈಯಲ್ಲಿದ್ದರೆ, ಅದರಲ್ಲಿ ಕಂತು, ಇನ್ಶೂರೆನ್ಸ್, ಟ್ಯಾಕ್ಸ್ ಕಳೆದು ನೋಡಿ. ನಿಮ್ಮ ಸಂಬಳದಷ್ಟೂ ಉಳಿಯದಿದ್ದರೆ ಮಾವನವರ ದುಡ್ಡು ಅಲ್ಲೇ ಇರಲಿ.

ತಗೊಳ್ಳೋ ದಿನ ಬಂದಾಗ: ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ಪ್ರತಿ ವರ್ಷ, ಅದಕ್ಕಿಂತ ಹೊಸದಕ್ಕೆ ಎರಡು ವರ್ಷಕ್ಕೊಮ್ಮೆ. ಕಂತು ಕಟ್ಟೋಕೆ ಅಂತ ಓವರ್‌ಲೋಡ್ ಹಾಕೋ ಆಸೆ ಬರುತ್ತೆ. 2019ರ ತಿದ್ದುಪಡಿ ಪ್ರಕಾರ ದಂಡ 20,000 ರೂಪಾಯಿ, ಮೇಲಿಂದ ಹೆಚ್ಚುವರಿ ಟನ್ನಿಗೆ 2,000. ಬಾಡಿಗೆ ಕೊಡೋರು ಟಿಡಿಎಸ್ (ಬಾಡಿಗೆಯಲ್ಲೇ ಮುರಿದುಕೊಳ್ಳೋ ಆದಾಯ ತೆರಿಗೆ) ಹಿಡೀತೀವಿ ಅಂದರೆ ಹೆದರಬೇಡಿ, ಹತ್ತು ಅಥವಾ ಅದಕ್ಕಿಂತ ಕಡಿಮೆ ಗಾಡಿ ಇರೋರು ಹಾಗಂತ ಪ್ಯಾನ್ ಜೊತೆ ಡಿಕ್ಲರೇಷನ್ ಬರೆದುಕೊಟ್ಟರೆ ಹಿಡಿಯೋ ಹಾಗಿಲ್ಲ.