ಹೊಟ್ಟೆಯೊಳಗೆ ಇನ್ಫೆಕ್ಷನ್ ಹೇಗೆ ಆಗುತ್ತದೆ? ನೋವು ಇಳಿಯಿತೆಂದು ನಾನು ನಿದ್ದೆ ಹೋದ ರಾತ್ರಿ

ನಿಮ್ಮ ಭಾವನವರಿಗೆ ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯೊಳಗೆ ಇನ್ಫೆಕ್ಷನ್ ಎಂದು ಬಂದಿದೆ, ಅವರು ಹೋಟೆಲ್ ಊಟವನ್ನೇ ಮಾಡುವವರಲ್ಲ, ಮತ್ತೆ ಹೇಗೆ ಬಂತು, ಮೊದಲೇ ಗೊತ್ತಾಗುವುದಿಲ್ಲವಾ ಎಂದು ಕೇಳಿದ್ದೀರಿ. ನಾನು ಡಾಕ್ಟರಲ್ಲ. ಇದೇ ಕಾಯಿಲೆಯಿಂದ ಒಂಬತ್ತು ದಿನ ಸರ್ಜರಿ ವಾರ್ಡಿನಲ್ಲಿ ಮಲಗೆದ್ದವನು.

ಹೊರಗಿನ ಊಟ ತಿಂದು ಬರುವ ವಾಂತಿ ಭೇದಿ ಬೇರೆ. ಅದು ಕರುಳಿನ ಒಳಗಿನ ರಗಳೆ. ಇದು ಸಾಮಾನ್ಯವಾಗಿ ಕರುಳಿನ ಹೊರಗಿನದು. ಹೊಟ್ಟೆಯ ಗೋಡೆಗೆ ಒಳಗಡೆಯಿಂದ ಒಂದು ತೆಳ್ಳನೆಯ ಪೊರೆ ಇದೆ, ಪೆರಿಟೋನಿಯಮ್ ಅಂತಾರೆ. ಅಲ್ಲಿ ಕ್ರಿಮಿಗಳಿಗೆ ಜಾಗವಿಲ್ಲ. ಕರುಳಿನ ತುಂಬಾ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇದ್ದರೂ ಅವು ಅಲ್ಲೇ ಇರುವ ತನಕ ಏನೂ ಆಗಲ್ಲ. ಎಲ್ಲಾದರೂ ತೂತು ಬಿದ್ದು ಈಚೆ ಬಂದವೋ, ಮನೆಯೊಳಗೆ ಒಳಚರಂಡಿ ಪೈಪು ಒಡೆದ ಹಾಗೆ.

ನನಗೆ ಒಡೆದದ್ದು ಅಪೆಂಡಿಕ್ಸ್, ದೊಡ್ಡ ಕರುಳಿನ ಶುರುವಿಗೆ ಅಂಟಿಕೊಂಡಿರುವ ಬೆರಳಿನಂಥ ಸಣ್ಣ ಚೀಲ. ಸೋಮವಾರ ರಾತ್ರಿ ಹೊಕ್ಕುಳ ಸುತ್ತ ಮಂದವಾದ ನೋವು ಶುರುವಾಯಿತು. ಬೆಳಿಗ್ಗೆ ಅಕ್ಕಿರೊಟ್ಟಿ ನೋಡಿದರೇ ಹೇವರಿಕೆ, ಆಮೇಲೆ ಒಂದು ಸಲ ವಾಂತಿ. ಅಮ್ಮ ಗ್ಯಾಸ್ ಎಂದು ಓಮದ ಕಷಾಯ ಕೊಟ್ಟರು. ಪಕ್ಕದ ಮನೆ ಅಜ್ಜಿ ಬಟ್ಟಿ ಸರಿದಿದೆ ಎಂದು ಹೊಟ್ಟೆ ನೀವಲು ಬಂದರು. ಭೇದಿಗೆ ಹರಳೆಣ್ಣೆ ಕುಡಿಸುತ್ತೇನೆ ಎಂದೂ ಅಂದರು, ಸದ್ಯ ನಾನು ಒಪ್ಪಲಿಲ್ಲ. ಸಂಜೆ ಹೊತ್ತಿಗೆ ನೋವು ಬಲಗಡೆ ಕೆಳಕ್ಕೆ ಇಳಿದು ಅಲ್ಲೇ ಕೂತಿತು. ಮೈ ಸ್ವಲ್ಪ ಬೆಚ್ಚಗಿತ್ತು. ಕ್ಲಿನಿಕ್ಕಿಗೆ ಹೋದರೆ ಅಲ್ಲೂ ಗ್ಯಾಸ್ ಎಂದು ಒಂದು ಇಂಜೆಕ್ಷನ್.

ಬುಧವಾರ ರಾತ್ರಿ ಹನ್ನೊಂದರ ಸುಮಾರಿಗೆ ನೋವು ಒಮ್ಮೆಗೇ ಇಳಿಯಿತು. "ನೋಡಿದ್ಯಾ, ನಾನ್ ಹೇಳ್ಲಿಲ್ವಾ" ಎಂದರು ಅಮ್ಮ. ಎರಡು ದಿನ ಬಿಟ್ಟು ನಿದ್ದೆ ಬಂದಿತ್ತು, ಹಾಯಾಗಿ ಮಲಗಿದೆ. ಊದಿಕೊಂಡಿದ್ದ ಅಪೆಂಡಿಕ್ಸ್ ಒಡೆದು ಒಳಗಿನ ಒತ್ತಡ ಹೋಗಿತ್ತು, ನೋವು ಇಳಿದದ್ದು ಅದಕ್ಕೇ. ಬೆಳಗಿನ ಜಾವ ಹಲ್ಲು ಕಟಕಟ ಅನ್ನುವ ಚಳಿಜ್ವರ. ಈಗ ಹೊಟ್ಟೆ ಪೂರ್ತಿ ನೋವು.

ಆಟೋದಲ್ಲಿ ಪ್ರತಿ ರೋಡ್ ಹಂಪ್‌ಗೂ ಜೀವ ಹೋಗಿ ಬಂತು. ಆಸ್ಪತ್ರೆಯಲ್ಲಿ ಸರ್ಜನ್ ಕೇಳಿದ್ದೂ ಅದನ್ನೇ: "ಬರ್ತಾ ಹಂಪ್ ಹಾರಿದಾಗ ನೋವಾಯ್ತಾ? ಕೆಮ್ಮಿ ನೋಡೋಣ." ಕೆಮ್ಮಲು ಆಗಲಿಲ್ಲ. ಆಮೇಲೆ ಹೊಟ್ಟೆಯ ಮೇಲೆ ಬೆರಳು ನಿಧಾನಕ್ಕೆ ಒತ್ತಿ ಪಟ್ಟನೆ ತೆಗೆದರು. ಒತ್ತಿದ್ದಕ್ಕಿಂತ ತೆಗೆದಾಗಲೇ ನೋವು ಜಾಸ್ತಿ, ಕಿರುಚಿಬಿಟ್ಟೆ. ಕಿಡ್ನಿ ಕಲ್ಲಿನ ನೋವಿನವರು ಹೊರಳಾಡುತ್ತಾರೆ, ಇಂಥವರು ಅಲುಗಾಡದೆ ಕಾಲು ಮಡಚಿ ಮಲಗಿರುತ್ತಾರೆ ಎಂದು ಜೂನಿಯರ್ ಡಾಕ್ಟರಿಗೆ ಹೇಳುತ್ತಿದ್ದರು. ನಾನು ಹಾಗೇ ಮಲಗಿದ್ದೆ.

ಉಳಿದ ಕಾರಣಗಳನ್ನು ನಾನು ಕಲಿತದ್ದು ಅಕ್ಕಪಕ್ಕದ ಮಂಚಗಳಿಂದ. ಒಬ್ಬ ಹುಡುಗನಿಗೆ ಟೈಫಾಯಿಡ್. ಜ್ವರ ಬಿಟ್ಟಿತೆಂದು ಮಾತ್ರೆ ಅರ್ಧಕ್ಕೇ ನಿಲ್ಲಿಸಿದ್ದ, ಮೂರನೇ ವಾರ ಸಣ್ಣ ಕರುಳು ತೂತಾಗಿತ್ತು. ಇನ್ನೊಬ್ಬರು ರೈತರು. ಮಂಡಿನೋವಿಗೆ ಮೆಡಿಕಲ್ ಶಾಪಿನ ಮಾತ್ರೆಯನ್ನು ತಿಂಗಳುಗಟ್ಟಲೆ ಖಾಲಿ ಹೊಟ್ಟೆಗೆ ನುಂಗಿ ಅಲ್ಸರ್ ಒಡೆದಿತ್ತು. ನಮ್ಮದೆಲ್ಲ ಮೆಲ್ಲಗೆ ಬಂದ ನೋವು, ಅವರದು ಹಾಗಲ್ಲ. "ದನಕ್ಕೆ ಹುಲ್ಲು ಹಾಕ್ತಿದ್ದೆ ಸ್ವಾಮಿ, ಚಾಕು ಹಾಕ್ದಂಗಾಯ್ತು" ಎನ್ನುತ್ತಿದ್ದರು. ಹೊಟ್ಟೆ ಹಲಗೆಯಂತೆ ಬಿಗಿದಿತ್ತಂತೆ. ಮೂರನೆಯವರು ವಾರಗಟ್ಟಲೆ ಬಲ ಭುಜಕ್ಕೆ ಬಾಮ್ ತಿಕ್ಕಿಕೊಂಡವರು. ಕೊನೆಗೆ ನೋಡಿದರೆ ಅಮೀಬಾದಿಂದ ಲಿವರಿನಲ್ಲಿ ಕೀವುಗಡ್ಡೆ, ಭುಜದ ನೋವೂ ಅದರದ್ದೇ. ಟ್ಯೂಬ್ ಹಾಕಿ ತೆಗೆದ ಕೀವು ಚಾಕೊಲೇಟ್ ಬಣ್ಣದ್ದು.

ಪಿತ್ತಕೋಶದ ಕಲ್ಲು, ಹೆಂಗಸರಲ್ಲಿ ಗರ್ಭಕೋಶ ಮತ್ತು ಅದರ ಟ್ಯೂಬುಗಳ ಸೋಂಕು, ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಆ ನೀರಿನಲ್ಲೇ ಸೋಂಕು, ಇವೂ ಉಂಟು. ಹೊಟ್ಟೆಯ ಟಿಬಿ ಮಾತ್ರ ಬಹಳ ನಿಧಾನ. ಸಂಜೆ ಸಂಜೆ ಜ್ವರ, ತೂಕ ಇಳಿಯುವುದು, ಹೊಟ್ಟೆ ಉಬ್ಬುವುದು ತಿಂಗಳುಗಟ್ಟಲೆ ನಡೆಯುತ್ತದೆ.

ಹಾಗಾಗಿ ಭಾವನವರ ಡಾಕ್ಟರನ್ನು ಎರಡು ಮಾತು ಕೇಳಿ. ಸೋಂಕು ಹುಟ್ಟಿದ್ದು ಎಲ್ಲಿಂದ? ಕೀವು ಒಂದು ಕಡೆ ಕಟ್ಟಿಕೊಂಡಿದೆಯಾ, ಹೊಟ್ಟೆ ಪೂರ್ತಿ ಹರಡಿದೆಯಾ? ಆಂಟಿಬಯಾಟಿಕ್ ಸಾಕಾ, ಟ್ಯೂಬ್ ಬೇಕಾ, ಆಪರೇಷನ್ ಬೇಕಾ ಎಂಬುದು ಹೆಚ್ಚಾಗಿ ಇದರ ಮೇಲೆ ನಿಂತಿದೆ. ಅವರಿಗೆ ಶುಗರ್ ಇದ್ದರೆ, ವಯಸ್ಸಾಗಿದ್ದರೆ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ನೋವು, ಜ್ವರ ಕಮ್ಮಿ ಇದೆಯೆಂದು ನಂಬಬೇಡಿ. ಮೂತ್ರ ಕಮ್ಮಿಯಾದರೆ, ಉಸಿರು ಜೋರಾದರೆ, ಮಾತು ತೊದಲಿ ಗಲಿಬಿಲಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ಮನೆಯಲ್ಲಿದ್ದರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಿ, ದಾರಿಯಲ್ಲಿ ಏನೂ ತಿನ್ನಿಸಬೇಡಿ.

ಇನ್ನೊಂದು ಗೊತ್ತಾ? ಹೊಟ್ಟೆಯೊಳಗೆ ಕೀವಾದಾಗ ಕರುಳು ಕೆಲಸ ನಿಲ್ಲಿಸುತ್ತದೆ. ಆಪರೇಷನ್ ಆದ ಮೇಲೆ ದಿನಾ ಬೆಳಿಗ್ಗೆ ಸರ್ಜನ್ ಬಂದು ಕೇಳುತ್ತಿದ್ದ ಮೊದಲ ಪ್ರಶ್ನೆ, "ಗ್ಯಾಸ್ ಹೋಯ್ತಾ?" ನಾಲ್ಕನೇ ದಿನ ಹೋಯಿತು. ಅಮ್ಮ ವಾರ್ಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು.