ಲಂಡನ್ ದರ ನಮ್ಮ ಕೈಲಿಲ್ಲ, ಓಟಿ ಇದೆ

ಸಕಲೇಶಪುರ ಕಡೆಯ ಬೆಳೆಗಾರರೊಬ್ಬರು ಬರೆದಿದ್ದಾರೆ: "ನಮ್ಮದು 12 ಎಕರೆ ರೊಬಸ್ಟಾ ಕಾಫಿ. ಲಂಡನ್ ಮಾರುಕಟ್ಟೆಯ ದರ ಏರಿದಷ್ಟು ನಮ್ಮ ಮೂಟೆಯ ಬೆಲೆ ಏರುವುದಿಲ್ಲ, ಯಾಕೆ? ಕೊಳ್ಳುವವರು ತೋಟದ ಜಿಪಿಎಸ್ ಗುರುತು ಕೇಳುತ್ತಿದ್ದಾರೆ, ಕೊಡಬಹುದೆ? ಬೆಲೆ ಇರುವಾಗಲೇ ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕಿದರೆ ಇಳುವರಿ ಹೆಚ್ಚುತ್ತದೆ ಅನ್ನುತ್ತಾರೆ. ಒಟ್ಟಿನಲ್ಲಿ ಜಾಗತೀಕರಣದಿಂದ ನಮಗೆ ಲಾಭವೋ ನಷ್ಟವೋ?"

ಮಾನ್ಯರೇ, ಕಾಫಿ ಹೊರಗಿನ ನಂಟಿಲ್ಲದೆ ಬಂದ ಬೆಳೆಯೇ ಅಲ್ಲ. ಬಾಬಾಬುಡನ್ ಯೆಮನ್‌ನಿಂದ ಬೀಜ ತಂದರೆಂಬ ಪ್ರತೀತಿ ಇದೆ. ರೊಬಸ್ಟಾ ಆಫ್ರಿಕಾದ್ದು, ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಈಚೆಗೆ ಬದಲಾದದ್ದು ಬೇರೆ: ಬೆಲೆ ಬಿದ್ದರೆ ಪೆಟ್ಟು ಯಾರಿಗೆ ಎಂಬುದು. ಯಾವ ದೇಶ ಎಷ್ಟು ರಫ್ತು ಮಾಡಬೇಕೆಂದು ಮಿತಿ ಹಾಕಿ ಬೆಲೆ ಕಾಯುತ್ತಿದ್ದ, 1962ರ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ 1989ರ ಜುಲೈಯಲ್ಲಿ ಮುರಿದುಬಿತ್ತು. ಇಲ್ಲಿ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ತಾನೇ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಬೋರ್ಡ್ ದುಡ್ಡು ಕೊಡುವುದು ತಡವಾಗುತ್ತಿತ್ತು, ನಿಜ. ಆದರೆ ಬೆಲೆ ಕುಸಿತವನ್ನು ಬೆಳೆಗಾರ ಒಬ್ಬನೇ ಹೊರಬೇಕಿರಲಿಲ್ಲ. 2001ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 50 ಸೆಂಟ್‌ಗಿಂತ ಕೆಳಗಿಳಿಯಿತು. ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಹೊಸ ತೋಟಗಳು ಫಸಲಿಗೆ ಬಂದದ್ದೇ ಮುಖ್ಯ ಕಾರಣ. 2024ರಲ್ಲಿ ಲಂಡನ್ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಆಗ ಅದೇ ದೇಶಗಳಲ್ಲಿ ಬರ. ಎರಡೂ ಸಲ ನಮ್ಮ ಪಾತ್ರ ತೀರಾ ಸಣ್ಣದು. ಇಂದಿನ ಬೆಲೆಯನ್ನು ನಿಮ್ಮ ತೋಟದ ಗುಣವೆಂದು ಎಣಿಸಿ ಸಾಲ ಮಾಡಬೇಡಿ.

ಇನ್ನು ಮೂಟೆಯ ಲೆಕ್ಕ. ಲಂಡನ್ ದರ ಸಂಸ್ಕರಿಸಿದ ಕಾಫಿ ಬೀಜದ್ದು, ನೀವು ಮಾರುವುದು ಒಣಗಿದ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು. ಒಂದು ಮೂಟೆ, ಅಂದರೆ 50 ಕೆ.ಜಿ. ಚೆರಿಯಿಂದ ಎಷ್ಟು ಕೆ.ಜಿ. ಬೀಜ ಬರುತ್ತದೋ ಅದೇ ಔಟ್‌ಟರ್ನ್, ಓಟಿ. ಉದಾಹರಣೆಗೆ ಟನ್ನಿಗೆ 4,000 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ ಬೀಜಕ್ಕೆ ಕೆ.ಜಿ.ಗೆ 340 ರೂಪಾಯಿ. ಓಟಿ 26 ಇದ್ದರೆ ಮೂಟೆಗೆ 8,840, ಓಟಿ 28 ಇದ್ದರೆ 9,520. ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಮಾಡುವ ಕೆಲಸ), ಸಾಗಣೆ, ವ್ಯಾಪಾರಿಯ ಪಾಲು ಇದರಲ್ಲೇ ಕಳೆಯಬೇಕು. ಲಂಡನ್ ಜೊತೆ ಜಗಳಾಡಿ ಸಿಗದ 680 ರೂಪಾಯಿ ಕಣದಲ್ಲೇ ಸಿಗುತ್ತದೆ.

ಓಟಿ ಬೀಳುವುದು ಹೆಚ್ಚಾಗಿ ಹಸಿರು ಕಾಯಿ ಸೇರಿಸಿ ಉದುರಿಸಿ ಕೊಯ್ಯುವುದರಿಂದ; ಎಳೆ ಕಾಯಿ ಒಣಗಿದಾಗ ಸಿಪ್ಪೆಯೇ ಜಾಸ್ತಿ. ಆಳಿಲ್ಲ, ಒಂದೇ ಸುತ್ತಿನಲ್ಲಿ ಮುಗಿಸಬೇಕು ಎಂಬ ಕಷ್ಟ ಗೊತ್ತಿದೆ. ಈಗ ತೋಟದ ಆಳುಗಳ ಲೈನ್ ಮನೆಗಳಲ್ಲಿ ಅಸ್ಸಾಮಿನ ಕುಟುಂಬಗಳಿವೆ, ಅವರು ಊರಿಗೆ ಹೋಗಿಬರುವ ದಿನಗಳ ಮೇಲೆ ನಮ್ಮ ಕೊಯ್ಲು ನಿಂತಿದೆ. ಆದರೂ ಹಣ್ಣಾದದ್ದನ್ನು ಎರಡು ಸುತ್ತಿನಲ್ಲಿ ಕೊಯ್ಯುವ ಕೂಲಿ ಎಷ್ಟೋ ಸಲ ಓಟಿಯಲ್ಲೇ ವಾಪಸ್ ಬರುತ್ತದೆ. ಸಿಮೆಂಟ್ ಕಣದಲ್ಲಿ ತೆಳುವಾಗಿ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ರಾಶಿ ಮಾಡಿ ಮುಚ್ಚಿ. ರೊಬಸ್ಟಾ ಚೆರಿ 11 ಶೇಕಡ ತೇವಕ್ಕೆ ಇಳಿಯಬೇಕು. ಆಗ ಮುಷ್ಟಿಯಲ್ಲಿ ಹಿಡಿದು ಅಲುಗಿಸಿದರೆ ಗಲಗಲ ಸದ್ದು ಬರುತ್ತದೆ. ತೂಕದ ಆಸೆಗೆ ಹಸಿಯಾಗಿಯೇ ಮೂಟೆ ಕಟ್ಟಿದರೆ ಬೂಷ್ಟು ಬಂದು ಓಕ್ರಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹುರಿದ ಕಾಫಿಯಲ್ಲಿ ಅದು ಕೆ.ಜಿ.ಗೆ 3 ಮೈಕ್ರೋಗ್ರಾಂ ಮೀರಬಾರದೆಂದು ಯುರೋಪ್ 2023ರಿಂದ ಮಿತಿ ಹಾಕಿದೆ.

ಜಿಪಿಎಸ್ ಗುರುತು ಕೊಡಿ, ಆದರೆ ಏನು ಕೊಡುತ್ತಿದ್ದೀರಿ ಎಂದು ತಿಳಿದು ಕೊಡಿ. 2020ರ ಡಿಸೆಂಬರ್ 31ರ ನಂತರ ಅರಣ್ಯ ಕಡಿದ ನೆಲದ ಕಾಫಿ ತಮ್ಮಲ್ಲಿಗೆ ಬರಬಾರದು ಎಂಬುದು ಯುರೋಪಿನ ಕಾಯ್ದೆ. ಜಾರಿಯ ದಿನಾಂಕ ಮುಂದೆ ಹೋಗುತ್ತಾ ಬಂದಿದ್ದರೂ ಕೊಳ್ಳುವವರು ಈಗಲೇ ತಯಾರಿ ನಡೆಸಿದ್ದಾರೆ. 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆ ಮೀರಿದ ಜಾಗಕ್ಕೆ ಒಂದು ಬಿಂದು ಸಾಲದು, ಗಡಿಯನ್ನು ಸುತ್ತಿ ಗುರುತಿಸಬೇಕು. ನಿಮ್ಮ 12 ಎಕರೆ ಒಂದೇ ತುಂಡಾಗಿದ್ದರೆ ಗಡಿ ನಕ್ಷೆಯೇ ಬೇಕು. ಅಕ್ಷಾಂಶ, ರೇಖಾಂಶದಲ್ಲಿ ದಶಮಾಂಶದ ನಂತರ ಆರು ಅಂಕಿ ಇರಲಿ. ಪಹಣಿಯ ಸರ್ವೆ ನಂಬರಿಗೆ ತಾಳೆ ನೋಡಿ, ಒಂದು ಪ್ರತಿ ನಿಮ್ಮಲ್ಲೇ ಇಟ್ಟುಕೊಳ್ಳಿ. ಒಂದು ತೊಡಕಿದೆ: ಎತ್ತರದ ಮರಗಳಡಿಯ ಕಾಫಿ ತೋಟ ಉಪಗ್ರಹದ ಕಣ್ಣಿಗೆ ಕಾಡಿನಂತೆಯೇ ಕಾಣುತ್ತದೆ. ಒಮ್ಮೆಲೇ ಮರ ತೆಗೆದರೆ ನಕ್ಷೆಯಲ್ಲಿ ಅದು ಅರಣ್ಯನಾಶವೆಂದು ಬೀಳಬಹುದು. ತೋಟ ಹಳೆಯದು ಎಂಬುದಕ್ಕೆ ದಾಖಲೆ ಜೋಡಿಸಿಡಿ.

ಹಾಗೆಂದು ಆ ಕಾಯ್ದೆ ನಿಮ್ಮ ತೋಟದ ನೆರಳುಮರಗಳನ್ನು ಕಾಪಾಡುತ್ತದೆ ಎಂದುಕೊಳ್ಳಬೇಡಿ. ಕೃಷಿ ಬಳಕೆಯ ನೆಲವನ್ನು ಅದು ಅರಣ್ಯವೆಂದು ಎಣಿಸುವುದೇ ಇಲ್ಲ. ಅತ್ತಿ, ಬಸರಿ, ಗೋಣಿ, ನಂದಿಯಂಥ ಕಾಡುಮರ ಹೋಗಿ ಸಿಲ್ವರ್ ಓಕ್ ಸಾಲು ನಿಂತರೆ ಕಾಗದದಲ್ಲಿ ಎಲ್ಲವೂ ಸರಿ. ಸಿಲ್ವರ್ ಓಕ್ ನೆಟ್ಟಗೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆ, ಕಡಿಯಲು ಕಾಡುಮರದಷ್ಟು ಕಾಗದಪತ್ರದ ಕಾಟವಿಲ್ಲ. ಜನ ಅದನ್ನು ನೆಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಅದರ ಎಲೆ ಬೇಗ ಕೊಳೆಯುವುದಿಲ್ಲ, ಅತ್ತಿ ಬಸರಿಗಳಂತೆ ಹಕ್ಕಿಗೆ ಹಣ್ಣೂ ಇಲ್ಲ. ರೊಬಸ್ಟಾ ಬಿಸಿಲು ತಡೆಯುತ್ತದೆ, ಸರಿ. ಆದರೆ ಬಿಸಿಲು ಹೆಚ್ಚಿದಷ್ಟೂ ಕಾಫಿ ಹೂ ಅರಳಿಸುವ ಫೆಬ್ರುವರಿ–ಮಾರ್ಚ್‌ನ ಹೂಮಳೆ ತಪ್ಪಿದಾಗ ಸ್ಪ್ರಿಂಕ್ಲರಿಗೆ ನೀರು ಹೆಚ್ಚು ಬೇಕು, ಕೆರೆಯಲ್ಲಿ ನೀರು ತಳ ಕಾಣುವುದೂ ಆಗಲೇ. ಪಕ್ಕದಲ್ಲಿ ಅರೇಬಿಕಾ ಇದ್ದರಂತೂ ನೆರಳು ಮುಟ್ಟಬೇಡಿ: ಬಿಳಿ ಕಾಂಡಕೊರಕ ಎಂಬ ಕೀಟ ಮೊಟ್ಟೆ ಇಡಲು ಹುಡುಕುವುದು ಬಿಸಿಲು ಬಿದ್ದ ಕಾಂಡವನ್ನೇ.

ಬೆಳಕು ಬೇಕಿದ್ದರೆ ಮರ ಕಡಿಯದೆ ಕೆಳಗಿನ ಕೊಂಬೆ ಸವರಿ ಚಪ್ಪರವನ್ನು ಎತ್ತರಿಸಿ. ನೆರಳಿಗೆಂದು ನೆಟ್ಟ ಹಾಲುವಾಣದ ಮರವನ್ನು ಮುಂಗಾರು ಹತ್ತುವ ಹೊತ್ತಿಗೆ ಸವರಿ. ಎಲ್ಲ ಭಾಗವನ್ನೂ ಒಂದೇ ವರ್ಷ ಮುಟ್ಟಬೇಡಿ. ಮೊದಲು ಎರಡು ಎಕರೆಯಲ್ಲಿ ಮಾಡಿ, ಆ ಚೆರಿಯನ್ನು ಬೇರೆ ಒಣಗಿಸಿ, ಬೇರೆಯಾಗಿಯೇ ಓಟಿ ತೆಗೆಸಿ ನೋಡಿ.