ಸಮಾಜಶಾಸ್ತ್ರ ಓದಿದರೆ ಸಮಾಜ ಕಾರ್ಯದ ಕೆಲಸಕ್ಕೆ ಉಪಯೋಗ ಆಗುತ್ತಾ?

ಮುಂದೆ ಎನ್‌ಜಿಒದಲ್ಲಿ ಕೆಲಸ ಮಾಡಬೇಕು, ಬಿಎಯಲ್ಲಿ ಸಮಾಜಶಾಸ್ತ್ರ ತಗೊಳ್ಳಲಾ, ಇಲ್ಲ ನೇರ ಬಿಎಸ್‌ಡಬ್ಲ್ಯು (ಸಮಾಜ ಕಾರ್ಯದ ಪದವಿ) ಸೇರಲಾ ಅಂತ ಕೇಳಿದ್ದೀರಿ. ನಾನು ಸಮಾಜಶಾಸ್ತ್ರ ಓದಿ ಆಮೇಲೆ ಎಂಎಸ್‌ಡಬ್ಲ್ಯು (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದವಳು. ಈಗ ರಾಯಚೂರು ಕಡೆ ಮಕ್ಕಳ ಅಪೌಷ್ಟಿಕತೆ ಬಗ್ಗೆ ಕೆಲಸ ಮಾಡುತ್ತೇನೆ.

ಉಪಯೋಗ ಇದೆ. ಎಲ್ಲಿ ಅಂತ ನನಗೆ ಗೊತ್ತಾಗಿದ್ದು ಮಾತ್ರ ಕೆಲಸಕ್ಕೆ ಸೇರಿದ ಮೇಲೆ.

ಅಂಗನವಾಡಿಯಲ್ಲಿ ಮಗುವಿನ ತೋಳಿಗೆ ಸುತ್ತಿ ಅಳೆಯುವ ಪಟ್ಟಿ ಇರುತ್ತದೆ. ಅಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುತ್ತೇವೆ. ಸುಮಾರು 14 ದಿನ ತಾಯಿಯೂ ಜೊತೆಗಿರಬೇಕು. ನನ್ನ ಮೊದಲ ವರ್ಷ ಒಬ್ಬ ತಾಯಿ ಸುತರಾಂ ಬರಲ್ಲ ಅಂದಳು. ನಾನು ವರದಿಯಲ್ಲಿ "ತಾಯಿಗೆ ತಿಳಿವಳಿಕೆ ಕಡಿಮೆ" ಅಂತ ಬರೆದೆ. ನಮ್ಮ ಮೇಡಂ ಆ ಸಾಲಿಗೆ ಗೀಟು ಎಳೆದು, "ಆಕೆ ಇಲ್ಲಿಗೆ ಬಂದರೆ ಅಲ್ಲಿ ರೊಟ್ಟಿ ಬಡಿಯೋರು ಯಾರು, ಕೇಳಿದೆಯಾ?" ಅಂದರು. ಕೇಳಿರಲಿಲ್ಲ. ಮರುದಿನ ಹೋದೆ. ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದ. ಅತ್ತೆಗೆ ಕಣ್ಣು ಕಾಣಲ್ಲ. ಇನ್ನೂ ಎರಡು ಮಕ್ಕಳು, ನಾಲ್ಕು ಆಡು. ಕೂಲಿ ತಪ್ಪಿದ್ದಕ್ಕೆ ಕೇಂದ್ರದಿಂದ ಒಂದಿಷ್ಟು ದುಡ್ಡು ಸಿಗುತ್ತದೆ ನಿಜ, ಆಡು ಮೇಯಿಸೋಕೆ ಯಾರು ಬರುತ್ತಾರೆ? ಕಡೆಗೆ ತವರಿನಿಂದ ತಂಗಿ ಬಂದಳು. ಆದರೂ ಆ ತಾಯಿ ಕೇಂದ್ರದಲ್ಲಿ ಹತ್ತು ದಿನ ಇದ್ದು, ಯಾರಿಗೂ ಹೇಳದೆ ಹೊರಟುಹೋದಳು. ಮಗುವಿನ ತೂಕ ಸ್ವಲ್ಪ ಏರಿತ್ತು, ಅಷ್ಟೇ.

ಕುಟುಂಬ, ವಲಸೆ, ಲಿಂಗ ಅಂತ ಬೇರೆ ಬೇರೆ ಅಧ್ಯಾಯ ಓದಿ ಒಳ್ಳೆ ಅಂಕ ತೆಗೆದಿದ್ದೆ. ಆ ಮನೆಯಲ್ಲಿ ಮೂರೂ ಒಟ್ಟಿಗೆ ಕೂತಿದ್ದವು, ನನಗೆ ಗುರುತೇ ಸಿಗಲಿಲ್ಲ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ "ಪ್ರಬಲ ಜಾತಿ" (ಭೂಮಿ, ಜನಬಲ, ಅಧಿಕಾರದಿಂದ ಊರಲ್ಲಿ ಮೇಲುಗೈ ಇರುವ ಜಾತಿ) ಅನ್ನೋ ಪರಿಕಲ್ಪನೆ ಕೂಡ ಹಾಗೇ. ಅವರು 1948ರಲ್ಲಿ ಮೈಸೂರು ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ನೋಡಿದ್ದನ್ನು ನಾವು ಐದು ಅಂಕದ ಟಿಪ್ಪಣಿ ಮಾಡಿ ಬಾಯಿಪಾಠ ಹೊಡೆದೆವು. ಈಗ ಯಾವ ಊರಿಗೆ ಹೋದರೂ ಅಂಗನವಾಡಿ ಯಾರ ಓಣಿಯಲ್ಲಿದೆ ಅಂತ ಮೊದಲು ನೋಡುತ್ತೇನೆ. ಹಾಜರಿಯಲ್ಲಿ ಹೆಸರಿದ್ದೂ ಕೆಲವು ಮಕ್ಕಳು ಯಾಕೆ ಬರಲ್ಲ ಅನ್ನೋದು ಅರ್ಧ ಅಲ್ಲೇ ತಿಳಿಯುತ್ತದೆ.

ಸಮಾಜಶಾಸ್ತ್ರ ಕಲಿಸದೇ ಇರೋದೂ ಇದೆ. ಅಳುತ್ತಿರುವವರ ಎದುರು ಸುಮ್ನೆ ಕೂರೋದು, ಪಿಂಚಣಿ ಅರ್ಜಿ ವಾಪಸ್ ಬಂದಾಗ ಎಲ್ಲಿ ತಪ್ಪಾಯ್ತು ಅಂತ ಹುಡುಕೋದು. ಅದಕ್ಕೆ ಎಂಎಸ್‌ಡಬ್ಲ್ಯು ಬೇಕು. ಸಾಮಾನ್ಯವಾಗಿ ಯಾವ ಪದವಿ ಆದವರೂ ಸೇರಬಹುದು. ಪಾಠಕ್ಕಿಂತ ಅಲ್ಲಿನ ಫೀಲ್ಡ್‌ವರ್ಕ್ ಮುಖ್ಯ. ಹಾಗಾಗಿ ಬಿಎಸ್‌ಡಬ್ಲ್ಯು ಮಾಡಲಿಲ್ಲ ಅಂತ ಚಿಂತೆ ಬೇಡ. ಬಿಎಯಲ್ಲಿ ಸಂಶೋಧನಾ ವಿಧಾನದ ಪೇಪರ್ ಇದ್ದರೆ ಮಾತ್ರ ಬೋರ್ ಅಂತ ಬಿಡಬೇಡಿ, ಸರಿಯಾದ ಪ್ರಶ್ನೆ ಕೇಳೋದನ್ನು ನಾನು ಕಲಿಯಬೇಕಿದ್ದದ್ದು ಅಲ್ಲೇ. ಸಂಬಳ ಕಡಿಮೆ, ಗುತ್ತಿಗೆ ಕೆಲಸವೇ ಜಾಸ್ತಿ. ಮನೆಯವರಿಗೆ ಈಗಲೇ ಹೇಳಿಡಿ.

ಸೇರುವ ಮೊದಲು ನಿಮ್ಮೂರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಒಂದು ವಾರ ಅಲ್ಲಿ ಕೂತು ಬನ್ನಿ. ಮೊದಲ ದಿನವೇ ನಿಮ್ಮ ಕೈಗೆ ಒಂದು ರಾಶಿ ರಿಜಿಸ್ಟರ್ ಕೊಡುತ್ತಾರೆ. ಬೇಡ ಅನ್ನಬೇಡಿ.